ಸೊನ್ನೆ ಸಾಹೇಬರ ಸೀಸರ್ ಸಲಾಡ್

ನಮ್ಮ ಭಾವನನ್ನು ಅವರ ಕಚೇರಿಯಲ್ಲಿ ಎಲ್ಲರೂ ಸೊನ್ನೆ ಸಾಹೇಬರು ಎಂದೇ ಕರೆಯುತ್ತಿದ್ದರು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರ್ ಆಗಿದ್ದು ಹೋದ ವರ್ಷ ನಿವೃತ್ತರಾದವರು. ಯಾವ ಅಂಗಡಿಗೆ ಕಾಲಿಟ್ಟರೂ ಅವರ ಮೊದಲ ಮಾತು, "ತಕ್ಕಡಿ ಸೊನ್ನೆಗೆ ನಿಂತಿದೆಯಾ?" ಮೇಲೆ ಏನೂ ಇಡದಿದ್ದಾಗ ಸೊನ್ನೆ ತೋರಿಸದ ಯಂತ್ರ ಆಮೇಲೆ ತೋರಿಸುವುದೆಲ್ಲ ಸುಳ್ಳು ಎಂದು ಅವರು ಹೇಳುವಾಗ ಅಂಗಡಿಯವರು ತಲೆ ತಗ್ಗಿಸುತ್ತಿದ್ದರು, ನಾವು ನಗು ತಡೆದುಕೊಳ್ಳುತ್ತಿದ್ದೆವು.

ಮನುಷ್ಯ ಒಳ್ಳೆಯವರೇ, ಆದರೆ ಮಹಾ ಪುಕ್ಕಲು. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವರು. ಬಸ್ಸು ಹತ್ತಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅನುಮಾನ ಬಂದು ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ನಡೆಯುವವರು. ತಮ್ಮ ಕಣ್ಣು, ಕಿವಿ, ನಾಲಿಗೆ ಯಾವುದನ್ನೂ ನಂಬುವವರಲ್ಲ. ಯಂತ್ರ ಹೇಳಬೇಕು, ಅದೂ ಪರೀಕ್ಷೆಯಾದ ಯಂತ್ರ. ಹಣೆ ಬಿಸಿಯಾಗಿದೆ ಎಂದರೆ ಮುಟ್ಟಿ ನೋಡುವುದಿಲ್ಲ, ಥರ್ಮಾಮೀಟರ್ ಹುಡುಕುತ್ತಾರೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಇಂಥವರ ಜೊತೆ ಅಕ್ಕ ಮೂವತ್ತು ವರ್ಷ ಹೇಗೆ ಬಾಳಿದಳೋ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ, ಅವರೆದುರಿಗೇ ಅಂದೂ ಬಿಟ್ಟಿದ್ದೇನೆ.

ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆಯಿತು. ಆಮೇಲೆ ಮೂರು ತಿಂಗಳು ಔಷಧಿಯ ಮೇಲೆ ಔಷಧಿ. ರೋಗ ಹೋಯಿತು ಎಂದು ಡಾಕ್ಟರು ಹೇಳಿದರು, ಆದರೆ ಹಸಿವನ್ನೂ ಅದೇ ಕರೆದುಕೊಂಡು ಹೋಗಿತ್ತು. ನನ್ನದು ಬಟ್ಟೆ ರಿಪೇರಿಯ ಸಣ್ಣ ಅಂಗಡಿ. ಉದ್ದದ್ದನ್ನು ಗಿಡ್ಡ ಮಾಡುವುದು, ಸಡಿಲವಾದದ್ದನ್ನು ಹಿಡಿಯುವುದು, ಜಿಪ್ಪು ಬದಲಿಸುವುದು, ಇಷ್ಟೇ. ಅಕ್ಕನ ಒಂದೇ ಪ್ಯಾಂಟನ್ನು ಸೊಂಟದಲ್ಲಿ ನಾನು ಮೂರು ಸಲ ಹಿಡಿದು ಹೊಲಿದೆ. ಮೂರನೇ ಸಲ ಗುಂಡುಪಿನ್ನು ಚುಚ್ಚುವಾಗ ಹಿಡಿದ ಬಟ್ಟೆ ಒಂದು ಮುಷ್ಟಿಯಷ್ಟಿತ್ತು.

ಆ ವಾರದ ಪರೀಕ್ಷೆಯಲ್ಲಿ ಅಕ್ಕನ ತೂಕ ನಲವತ್ತೆರಡು ಕಿಲೋ ನಾನ್ನೂರು ಗ್ರಾಂ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಸ್ಪಷ್ಟವಾಗಿ ಹೇಳಿದರು. "ಎರಡು ವಾರ ನೋಡೋಣ. ನಲವತ್ತೆರಡಕ್ಕಿಂತ ಕೆಳಗೆ ಹೋದ್ರೆ ಅಡ್ಮಿಟ್ ಮಾಡಿಕೊಂಡು ಮೂಗಿನ ಮೂಲಕ ನಳಿಗೆ ಹಾಕಿ ಊಟ ಕೊಡಬೇಕಾಗತ್ತೆ."

ಆಪರೇಷನ್ನಿನ ಹೊತ್ತಿನಲ್ಲಿ ಆ ನಳಿಗೆಯನ್ನು ಅಕ್ಕನಿಗೆ ಆರು ದಿನ ಹಾಕಿದ್ದರು. ಹೊಟ್ಟೆ ಕೊಯ್ದಿದ್ದನ್ನು ಸಹಿಸಿದವಳು ಅದನ್ನು ಸಹಿಸಿರಲಿಲ್ಲ. ಉಸಿರು ಕಟ್ಟುತ್ತದೆ ಎಂದು ಎರಡು ಸಲ ತಾನೇ ಕಿತ್ತು ಹಾಕಿ ಕೈ ಕಟ್ಟಿಸಿಕೊಂಡಿದ್ದಳು. ಡಾಕ್ಟರ ಮಾತು ಕೇಳಿ ಬಂದವಳು ಆಟೋದಲ್ಲಿ ಕೂತ ಮೇಲೆ ಭಾವನ ಅಂಗಿಯ ತೋಳು ಹಿಡಿದು, "ಅದೊಂದು ಬೇಡ ರೀ," ಅಂದಳು. ಭಾವನಿಗೆ ಅವತ್ತಿನಿಂದ ನಿದ್ದೆ ಹೋಯಿತು.

ಏನು ತಿನ್ನುತ್ತೀಯೆ ಎಂದು ಕೇಳಿ ಕೇಳಿ ಸಾಕಾದ ಮೇಲೆ ಅಕ್ಕ ಬಾಯಿ ಬಿಟ್ಟಳು. "ಆ ಮೂಲೆ ಹೋಟೆಲಿನ ಸೀಸರ್ ಸಲಾಡ್ ಆದ್ರೆ ಎರಡು ತುತ್ತು ಹೋಗಬಹುದೇನೋ."

ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕಿದ್ದಾಗಿನಿಂದ ಅವಳಿಗೆ ಅದರ ಹುಚ್ಚು. ತಿಂಗಳಿಗೊಂದು ಶನಿವಾರ ಇಬ್ಬರೂ ಆ ಹೋಟೆಲಿಗೆ ಹೋಗುತ್ತಿದ್ದರು. ಅವಳು ಸಲಾಡ್ ತರಿಸುತ್ತಿದ್ದಳು, ಭಾವ ಎರಡು ಮೊಟ್ಟೆಯ ಆಮ್ಲೆಟ್. ಉದ್ದುದ್ದ ಲೆಟಿಸ್ ಎಲೆ, ಹುರಿದ ಬ್ರೆಡ್ಡಿನ ತುಂಡು, ತುರಿದ ಚೀಸು, ಮೇಲೆ ಮೊಟ್ಟೆಯ ಹಳದಿ, ಎಣ್ಣೆ, ಬೆಳ್ಳುಳ್ಳಿ, ನಿಂಬೆಹಣ್ಣು ಹಾಕಿ ಕಡೆದ ಗಟ್ಟಿ ಸಾಸು. ಸಾಸಿನೊಳಗೆ ಉಪ್ಪಿನಲ್ಲಿಟ್ಟ ಸಣ್ಣ ಮೀನು ಬೇರೆ. ಆಹಾರದ ಸಲಹೆ ಕೊಡುವಾಕೆ ಕೇಳಿ ಖುಷಿಪಟ್ಟಳು. ಎಣ್ಣೆ, ಚೀಸು, ಮೊಟ್ಟೆ ಎಲ್ಲ ಇದೆ, ಮೇಲೆ ಕೋಳಿಯ ತುಂಡೂ ಹಾಕಿ, ಆದರೆ ಇನ್ನೂ ಎರಡು ತಿಂಗಳು ಹೋಟೆಲಿನದು ಖಂಡಿತ ಬೇಡ, ಹಸಿ ಮೊಟ್ಟೆಯಂತೂ ಬೇಡವೇ ಬೇಡ ಎಂದಳು. ಔಷಧಿಯಿಂದ ಅಕ್ಕನ ಮೈಯಲ್ಲಿ ಸೋಂಕು ತಡೆಯುವ ಶಕ್ತಿ ತಳ ಕಂಡಿತ್ತು. ಮನೆಯಲ್ಲಿ ಮಾಡಬೇಕು, ಎಲೆ ಒಂದೊಂದಾಗಿ ತೊಳೆಯಬೇಕು, ಹಳದಿ ಬೇಯಬೇಕು.

"ನಾನು ಮಾಡ್ತೀನಿ," ಅಂದರು ಭಾವ. "ಇಪ್ಪತ್ತು ವರ್ಷ ಎದುರಿಗೆ ಕೂತು ಆ ತಟ್ಟೆ ನೋಡಿದ್ದೀನಿ."

ಅಡುಗೆಮನೆ ಪರೀಕ್ಷಾಲಯವಾಯಿತು. ಒಂದು ಪುಸ್ತಕದಿಂದ ಅಳತೆ ಬರೆದುಕೊಂಡರು. ಎಲೆ ನೂರ ಇಪ್ಪತ್ತು ಗ್ರಾಂ, ಚೀಸು ಇಪ್ಪತ್ತೈದು, ಮೀನು ಎರಡು ಎಸಳು. ಬ್ರೆಡ್ಡನ್ನು ಸ್ಕೇಲು ಇಟ್ಟು ಚೌಕ ಕತ್ತರಿಸಿದರು, ಸತ್ಯವಾಗಿ ಹೇಳುತ್ತೇನೆ, ನನ್ನ ಅಂಗಡಿಯ ಸ್ಕೇಲು. ಹಳದಿಗೆ ನಿಂಬೆರಸ, ನೀರು ಸೇರಿಸಿ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಥರ್ಮಾಮೀಟರ್ ಅದ್ದಿ ಎಪ್ಪತ್ತೆರಡು ಡಿಗ್ರಿಗೆ ಕಾಯುತ್ತ ಕದಡಿದರು. ಮೊದಲ ದಿನ ಎಪ್ಪತ್ತೆರಡು ದಾಟಿ ಅದು ಒಡೆದು ಕಾಳುಕಾಳಾಯಿತು. ಎರಡನೆಯ ದಿನ ಸಾಸು ನೋಡಲು ಚೆನ್ನಾಗಿತ್ತು, ಆದರೆ ಎಲೆಯ ನೀರು ಆರಿರಲಿಲ್ಲ, ಸಾಸೆಲ್ಲ ಜಾರಿ ತಳದಲ್ಲಿ ಕೊಳವಾಯಿತು. ಮೂರನೆಯ ದಿನ ಬೆಳ್ಳುಳ್ಳಿ ಎಷ್ಟು ಘಾಟಾಗಿತ್ತೆಂದರೆ ಬಾಗಿಲಲ್ಲೇ ನನ್ನ ಕಣ್ಣಲ್ಲಿ ನೀರು ಬಂತು. ಪ್ರತಿ ಸಲವೂ ಅಕ್ಕ ಒಂದು ಎಲೆ ಕಚ್ಚಿ, ಎರಡನೆಯದನ್ನು ತಟ್ಟೆಯಲ್ಲಿ ಅತ್ತಿತ್ತ ತಳ್ಳಿ, "ಚೆನ್ನಾಗಿದೆ ರೀ, ಆಮೇಲೆ ತಿಂತೀನಿ," ಅನ್ನುತ್ತಿದ್ದಳು. ಆ ಆಮೇಲೆ ಬರುತ್ತಿರಲಿಲ್ಲ. ಭಾವ ಉಳಿದದ್ದನ್ನು ತೂಗಿ ಚೀಟಿಯಲ್ಲಿ ಬರೆದಿಡುತ್ತಿದ್ದರು. ತಿಂದದ್ದು ಹನ್ನೊಂದು ಗ್ರಾಂ. ತಿಂದದ್ದು ಒಂಬತ್ತು ಗ್ರಾಂ.

ಐದನೆಯ ದಿನ ನನಗೆ ತಡೆಯಲಾಗಲಿಲ್ಲ. ಅಂಗಡಿ ಬಾಗಿಲು ಹಾಕಿ ಸೀದಾ ಮೂಲೆ ಹೋಟೆಲಿಗೆ ಹೋಗಿ ಒಂದು ಸೀಸರ್ ಸಲಾಡ್ ಪಾರ್ಸೆಲ್ ಕಟ್ಟಿಸಿಕೊಂಡು ಬಂದೆ. ಹೊಟ್ಟೆಗಿಲ್ಲದೆ ಒಣಗುವುದಕ್ಕಿಂತ ಇದೇ ವಾಸಿ ಎಂದು ನನ್ನ ಲೆಕ್ಕ.

ಭಾವ ಬಾಗಿಲಿಗೇ ಅಡ್ಡ ನಿಂತರು. "ಏನದು?"

"ಅವಳು ಕೇಳಿದ್ದು. ಬಿಡಿ ದಾರಿ."

"ಮೊಟ್ಟೆ ಹಸೀದಾ, ಬೆಂದಿದ್ದಾ? ಕೇಳಿದ್ಯಾ?"

ನಾನು ಕೇಳಿರಲಿಲ್ಲ. ಅದಕ್ಕೇ ಇನ್ನೂ ಜೋರಾಗಿ ಕೂಗಿದೆ. "ನಿಮ್ಮ ಗ್ರಾಂ, ನಿಮ್ಮ ಡಿಗ್ರಿ! ಅವಳು ಕಣ್ಣೆದುರಿಗೇ ಕರಗಿ ಹೋಗ್ತಿದಾಳೆ ಭಾವ!"

ಒಳಗಿನಿಂದ ಅಕ್ಕನ ದನಿ ಬಂತು. "ವಾಸನೆ ಬಂತು ಕಣೇ. ತಾ ಇಲ್ಲಿ." ಎಷ್ಟೋ ವಾರಗಳಿಂದ ಅವಳು ಏನನ್ನೂ ತಾ ಎಂದಿರಲಿಲ್ಲ. ಭಾವನ ಮುಖ ಬಿಳಿಚಿತು. ಕೊಟ್ಟರೆ ಸೋಂಕು, ಕೊಡದಿದ್ದರೆ ನಳಿಗೆ. ಆ ಮನುಷ್ಯ ಒಂದು ಕ್ಷಣ ನಡುವೆ ನಿಂತು, ನನ್ನ ಕೈಯಿಂದ ಡಬ್ಬ ಕಿತ್ತುಕೊಂಡು ಅಡುಗೆಮನೆಗೆ ನಡೆದು, ಸಿಂಕಿನ ಮುಂದೆ ನಿಂತು ತಾವೇ ತಿನ್ನತೊಡಗಿದರು. ಕೈಯಿಂದಲೇ. ಅವಳ ಪಾಲಿಗೆ ಉಳಿಯಬಾರದು ಎಂದು ಗಬಗಬ ತಿಂದರು. ಅಕ್ಕ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತು ನೋಡಿ, ಹಿಂದಿರುಗಿ ಹೋಗಿ ಮಲಗಿದಳು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇಲ್ಲಿ ಬರೆಯುವಂಥದ್ದಲ್ಲ.

ಭಾವ ಅರ್ಧ ತಿಂದು ನಿಂತುಬಿಟ್ಟರು. ಕೆನ್ನೆ ಉಬ್ಬಿತ್ತು, ಅಗಿಯುವುದು ನಿಧಾನವಾಯಿತು.

"ಇದು ಹುಳಿ," ಅಂದರು.

"ಏನು?"

"ನಂದು ಇಷ್ಟು ಹುಳಿ ಇಲ್ಲ. ಮೀನಿದೆ ಅಂತಾನೇ ಗೊತ್ತಾಗಲ್ಲ, ಅರೆದು ಹಾಕಿದಾರೆ. ಎಲೆ ಕರಂ ಕರಂ ಅನ್ನತ್ತೆ." ಇನ್ನೊಂದು ಎಲೆ ಬಾಯಿಗಿಟ್ಟರು. "ಬ್ರೆಡ್ಡು ಮಾತ್ರ ಪಾರ್ಸೆಲ್ಲಿನಲ್ಲಿ ಮೆತ್ತಗಾಗಿದೆ. ಇದನ್ನ ನಾನು ಚೆನ್ನಾಗಿ ಮಾಡಬಲ್ಲೆ."

ಆಗ ನನಗೆ ಹೊಳೆಯಿತು. ಇಪ್ಪತ್ತು ವರ್ಷ ಆ ತಟ್ಟೆಯ ಎದುರು ಕೂತ ಈ ಪುಣ್ಯಾತ್ಮ ಒಂದು ದಿನವೂ ಅದರಿಂದ ಒಂದು ಎಲೆ ಎತ್ತಿ ಬಾಯಿಗೆ ಹಾಕಿಕೊಂಡಿರಲಿಲ್ಲ. ಹಸಿ ಸೊಪ್ಪು ತಮಗಾಗದು ಎಂದು ಆಮ್ಲೆಟ್ ತಿಂದುಕೊಂಡೇ ಇದ್ದರು. ಐದು ದಿನ ತಾವು ಮಾಡಿದ್ದನ್ನೂ ರುಚಿ ನೋಡಿರಲಿಲ್ಲ. ನಾಲಿಗೆ ನಂಬಿಕೆಗೆ ಯೋಗ್ಯವಾದ ಯಂತ್ರವಲ್ಲವಲ್ಲ! ಬೈಯೋಣವೆಂದು ಬಾಯಿ ತೆರೆದೆ. ಅವರ ಕಣ್ಣು ತುಂಬಿದ್ದು ಕಂಡು ನೀರಿನ ಲೋಟ ಮುಂದಿಟ್ಟೆ.

ಮರುದಿನ ಎಲೆಯನ್ನು ತೊಳೆದು ನನ್ನ ಅಂಗಡಿಯ ತೆಳು ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟೆವು. ಸಾಸಿಗೆ ಅವರು ಚಮಚ ಅದ್ದಿ ನಾಲಿಗೆಗಿಟ್ಟು ಕಣ್ಣು ಮುಚ್ಚಿ ನಿಂತರು, ಮತ್ತೆ ನಿಂಬೆ ಹಿಂಡಿದರು, ಮತ್ತೆ ನಿಂತರು. ಥರ್ಮಾಮೀಟರ್ ಬಿಡಲಿಲ್ಲ, ಬಿಡಬಾರದು ಕೂಡ. ಬ್ರೆಡ್ಡನ್ನು ಕೈಯಿಂದ ಹರಿದು ಬೆಳ್ಳುಳ್ಳಿ ಹಾಕಿದ ಎಣ್ಣೆಯಲ್ಲಿ ಹುರಿದು, ಅಕ್ಕ ಮೇಜಿಗೆ ಬಂದು ಕೂತ ಮೇಲೆಯೇ ಎಲ್ಲ ಕಲಸಿದರು. ಅಕ್ಕ ಹಿಂದಿನ ದಿನದ ಸಿಟ್ಟಿನಲ್ಲಿ ಮುಖ ತಿರುಗಿಸಿಕೊಂಡೇ ಒಂದು ತುಂಡು ಬ್ರೆಡ್ಡು ಕಚ್ಚಿದಳು. ಅದು ಕುಟುಂ ಎಂದದ್ದು ನನಗೆ ಕೇಳಿಸಿತು. ಅರ್ಧ ತಟ್ಟೆ ಹೋಯಿತು. ನಾವಿಬ್ಬರೂ ಅವಳ ಬಾಯಿಯನ್ನೇ ನೋಡುತ್ತಿದ್ದೆವು. "ಹೀಗೆ ಕಣ್ಣು ಬಿಟ್ಕೊಂಡು ನೋಡಿದ್ರೆ ಹೇಗೆ ತಿನ್ನೋದು? ಆಚೆ ಹೋಗಿ ಇಬ್ಬರೂ," ಎಂದು ಗದರಿದಳು. ಆ ಬೈಗುಳ ಕೇಳಿ ಎಷ್ಟು ದಿನವಾಗಿತ್ತು.

ಆದರೆ ದಿನಗಳು ಕಡಿಮೆ ಇದ್ದವು. ಒಂದು ದಿನ ಮುಕ್ಕಾಲು ತಟ್ಟೆ, ಮಾರನೆಯ ದಿನ ವಾಕರಿಕೆ ಬಂದು ನಾಲ್ಕೇ ಎಲೆ. ಮನೆಯಲ್ಲಿ ತೂಕ ನೋಡಬೇಡಿ ಎಂದು ಅಕ್ಕ ಆಣೆ ಹಾಕಿದ್ದಳು. ಭಾವ ಎಲೆ ಕಲಸುವಾಗಲೂ ತುಟಿ ಅಲ್ಲಾಡಿಸುತ್ತ ಏನೋ ಲೆಕ್ಕ ಹಾಕುತ್ತಿದ್ದರು. ನನಗೆ ಹೊಲಿಗೆಯ ಮೇಲೆ ಗಮನವಿಲ್ಲ, ಯಾರದೋ ಪ್ಯಾಂಟಿನ ಒಂದು ಕಾಲು ಗಿಡ್ಡ ಮಾಡಿ ಬೈಸಿಕೊಂಡೆ.

ಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ಮೂವರೂ ಆಸ್ಪತ್ರೆಯ ಆ ಕಿರಿದಾದ ಕೋಣೆಯಲ್ಲಿದ್ದೆವು. ಮೂಲೆಯಲ್ಲಿ ಮುಳ್ಳಿನ ತೂಕದ ಯಂತ್ರ. ಎಂದಿನ ಎಲೆಕ್ಟ್ರಿಕ್ ಯಂತ್ರ ಕೆಟ್ಟಿದೆಯಂತೆ, ಇದನ್ನು ಬೇರೆ ವಾರ್ಡಿನಿಂದ ತಂದಿದ್ದೇವೆ ಎಂದಳು ನರ್ಸ್. ಅಕ್ಕ ಚಪ್ಪಲಿ ಬಿಟ್ಟು ಹತ್ತಿದಳು. ಮುಳ್ಳು ತೂಗಾಡಿ, ನಲವತ್ತೆರಡನ್ನು ಸ್ವಲ್ಪ ದಾಟಿ ನಿಂತಿತು.

"ನಲವತ್ತೆರಡು ಇನ್ನೂರು," ಎಂದು ನರ್ಸ್ ಬರೆದುಕೊಂಡಳು.

ನಾನು ಭಾವನ ಬೆನ್ನಿಗೆ ಒಂದು ಏಟು ಹಾಕಿದೆ, ಸಂತೋಷಕ್ಕೆ. ಅವರು ಅಲುಗಲಿಲ್ಲ. ಡಾಕ್ಟರು ಚೀಟಿ ನೋಡಿ, "ಸರಿ, ಜಾಸ್ತಿ ಇಳಿದಿಲ್ಲ. ನಳಿಗೆ ಸದ್ಯಕ್ಕೆ ಬೇಡ. ಏನು ಮಾಡ್ತಿದ್ದೀರೋ ಅದನ್ನೇ ಮಾಡಿ. ಮುಂದಿನ ವಾರ ಬನ್ನಿ," ಎಂದರು. ಭಾವ ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ಹೊರಗೆ ಬೆಂಚಿನ ಮೇಲೆ ಅವರು ಕುಸಿದು ಕೂತರು. "ಮುಳ್ಳು ಸೊನ್ನೆಯಲ್ಲಿರಲಿಲ್ಲ," ಎಂದರು. "ಇವಳು ಹತ್ತೋಕೆ ಮುಂಚೆನೇ ಅರ್ಧ ಕಿಲೋ ಮುಂದಿತ್ತು. ನಲವತ್ತೊಂದು ಏಳುನೂರು ಅಷ್ಟೇ. ನಾನು ನೋಡಿದೆ. ನೋಡಿಯೂ ಹೇಳಲಿಲ್ಲ. ಇವಳಿಗೇನಾದ್ರೂ ಆದ್ರೆ?"

ಮೂವತ್ತೊಂದು ವರ್ಷದಲ್ಲಿ ಒಂದು ತಪ್ಪು ತಕ್ಕಡಿಯನ್ನೂ ಬಿಡದ ಮನುಷ್ಯ. ಅವರು ಎದ್ದು ಮತ್ತೆ ಡಾಕ್ಟರ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು, ನಿಂತರು, ಅಕ್ಕನ ಮುಖ ನೋಡಿದರು. ಹೋಗಿ ಎನ್ನುವುದೋ ಬೇಡ ಎನ್ನುವುದೋ ನನಗೂ ತಿಳಿಯಲಿಲ್ಲ.

ಅಕ್ಕ ಮೆಲ್ಲಗೆ ಬಂದು ಅವರ ಕೈ ಹಿಡಿದು ಬೆಂಚಿಗೆ ಕರೆತಂದು ಕೂರಿಸಿದಳು.

"ನನಗೂ ಕಾಣಿಸ್ತು," ಎಂದಳು. "ಇಷ್ಟು ವರ್ಷ ನಿಮ್ಮ ಜೊತೆ ಇದ್ದು ಮುಳ್ಳು ನೋಡದೆ ಹತ್ತುತ್ತೀನಾ? ಮನೆಗೆ ಹೋಗಿ ಎರಡು ಹೊತ್ತೂ ಮಾಡಿ. ಆ ಅರ್ಧ ಕಿಲೋನ ನಾನು ತಿಂದು ನಿಜ ಮಾಡ್ತೀನಿ."

"ಆಗದಿದ್ರೆ?"

ಅಕ್ಕ ಅವರ ಹಣೆಯ ಬೆವರು ಒರೆಸಿದಳು.

"ಆಗದಿದ್ರೆ ಮುಂದಿನ ವಾರ ಡಾಕ್ಟರಿಗೆ ನಾನೇ ಹೇಳ್ತೀನಿ, ನಳಿಗೆ ಹಾಕಿ ಅಂತ. ನೀವು ಹೇಳಬೇಡಿ."