ಕೆರೆಯಂಗಳದಲ್ಲಿ ವಿಮಾನದ ಎಡಗಾಲಿ

ನಾನು ನಿಂತಿದ್ದದ್ದು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆ, ಬತ್ತಿದ ಒಂದು ಕೆರೆಯ ಅಂಗಳದಲ್ಲಿ. ಏರಿಗೆ ಬೆನ್ನು ಮಾಡಿ, ಎರಡು ಸೀಟಿನ ಪುಟ್ಟ ವಿಮಾನವೊಂದರ ಎಡ ರೆಕ್ಕೆಯ ಕೆಳಗೆ. ಹೋದ ವರ್ಷದ ಬೇಸಿಗೆ. ಹೊತ್ತು ಮುಳುಗಿ ಆಗಷ್ಟೇ ಕತ್ತಲಾಗಿತ್ತು. ಇದು ನಡೆದದ್ದು. ಕಂಡದ್ದಕ್ಕಿಂತ ಒಂದು ಮಾತೂ ಹೆಚ್ಚಿಗೆ ಬರೆಯುವುದಿಲ್ಲ.

ನನ್ನದು ಪಾಂಡವಪುರ. ವಿಮಾನ ಓಡಿಸಲು ಕಲಿಸುವ ಒಂದು ಶಾಲೆಯಲ್ಲಿ ಮೆಕ್ಯಾನಿಕ್ ಕೆಲಸ. ಅವತ್ತು ಮಧ್ಯಾಹ್ನ ನಮ್ಮ ವಿದ್ಯಾರ್ಥಿನಿ ಶ್ವೇತಾ ಒಬ್ಬಳೇ ಹಾರುತ್ತಿದ್ದಾಗ ಎಂಜಿನ್ ತಡವರಿಸಿ, ಅವಳು ವಿಮಾನವನ್ನು ಈ ಕೆರೆಯಂಗಳದಲ್ಲಿ ಇಳಿಸಿದ್ದಳು. ಪೆಟ್ರೋಲಿನಲ್ಲಿ ನೀರು ಸೇರಿತ್ತು. ಅದನ್ನು ಸಂಜೆಯೊಳಗೆ ಸರಿಮಾಡಿದೆ. ಉಳಿದದ್ದು ಎಡಗಡೆಯ ಚಕ್ರ. ಗಾಳಿಯೆಲ್ಲ ಹೋಗಿ ನೆಲಕ್ಕೆ ಚಪ್ಪಟೆಯಾಗಿ ಕೂತಿತ್ತು.

ಅವಳಿಗೆ ಕಲಿಸುವ ಕ್ಯಾಪ್ಟನ್ ಫೋನಿನಲ್ಲೇ ತೀರ್ಪು ಹೇಳಿಬಿಟ್ಟಿದ್ದರು. ಹೆದರಿ ಬ್ರೇಕ್ ಒತ್ತಿದ್ದಾಳೆ, ಟಯರು ಉಜ್ಜಿಹೋಗಿದೆ, ಬೆಳಿಗ್ಗೆ ಬಂದು ನೋಡುತ್ತೇನೆ, ನಿಜವಾದರೆ ಅವಳ ಕಲಿಕೆ ಇಲ್ಲಿಗೆ ಸಾಕು ಎಂದು. ಹಿಂದೆಯೂ ಒಂದು ಸಲ ಎಚ್ಚರಿಕೆ ಕೊಟ್ಟಿದ್ದರಂತೆ.

ಶ್ವೇತಾ ಅಳಲಿಲ್ಲ. "ನಾನು ಬ್ರೇಕ್ ಮುಟ್ಟಿಲ್ಲ ಸರ್. ಉರುಳಿ ತಾನಾಗೇ ನಿಂತಿತು. ನಿಂತ ಮೇಲೆ... ಎಡಗಡೆ ಯಾರೋ ನಿಧಾನಕ್ಕೆ ಕೆಳಗೆ ಎಳೆದ ಹಾಗಾಯಿತು" ಎಂದು ನನಗೆ ಹೇಳಿದಳು.

ನಮ್ಮ ಪಂಪಿನ ಪೈಪು ಸೀಳಿತ್ತು. ಹಾಗಾಗಿ ಹೊಣಕೆರೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಸಿದ್ದೇಗೌಡರನ್ನು ಕರೆಸಿದೆ. ಮೊಪೆಡ್ಡಿನ ಹಿಂದೆ ಪಂಪು, ನೀರಿನ ಕ್ಯಾನು, ಟಬ್ಬು ಕಟ್ಟಿಕೊಂಡು ಬಂದರು. ಏರಿ ಮೇಲೆ ವಿಮಾನ ನೋಡಲು ಕೂತಿದ್ದವರಲ್ಲಿ ಒಬ್ಬ, "ಲೇ ಸಿದ್ದ, ಗಾಳಿ ಜಾಸ್ತಿ ತುಂಬ್ಬುಟ್ಟು ನೀನೇ ಆರೋಗ್ಬುಟ್ಟೀಯ ಕಣ್ಲಾ" ಎಂದ. ಎಲ್ಲರೂ ನಕ್ಕರು. ಕತ್ತಲಾಗುತ್ತಲೇ ಅವರೆಲ್ಲ ಎದ್ದು ಹೋದರು. ಉಳಿದವರು ನಾವು ಮೂವರು.

ಚಕ್ರ ಬಿಚ್ಚಿದೆ. ಟಯರಿನ ಸುತ್ತ ಬೆರಳಾಡಿಸಿದೆ. ಉಜ್ಜಿದ ಗುರುತಿಲ್ಲ. ಮುಳ್ಳಿಲ್ಲ, ಸೀಳಿಲ್ಲ. ಟ್ಯೂಬಿಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ಮತ್ತೆ ಜೋಡಿಸಿ, ಗಾಳಿ ತುಂಬಿ, ಜಾಕ್ ಇಳಿಸಿ, ಏರಿಯ ಮೇಲೆ ಕೂತು ಫ್ಲಾಸ್ಕಿನ ಟೀ ಕುಡಿದೆವು.

ವಾಪಸ್ಸು ಬಂದಾಗ ಚಕ್ರ ಚಪ್ಪಟೆಯಾಗಿತ್ತು.

ಸಿದ್ದೇಗೌಡರು ಇನ್ನೊಮ್ಮೆ ಗಾಳಿ ತುಂಬಿದರು. ಆಮೇಲೆ ಪಂಕ್ಚರ್ ಅಂಗಡಿಯವರೆಲ್ಲ ಮಾಡುವ ಹಾಗೆ ಬೆರಳಿಗೆ ಉಗುಳು ಮುಟ್ಟಿಸಿ ವಾಲ್ವಿನ ಬಾಯಿಗೆ ಹಚ್ಚಿದರು. ಅಲ್ಲಿ ಗಾಳಿ ಸೋರಿದರೆ ಉಗುಳು ಗುಳ್ಳೆಯಾಗಿ ಉಬ್ಬಿ ಒಡೆಯಬೇಕು. ನಾನು ಟಾರ್ಚ್ ಹಿಡಿದಿದ್ದೆ.

ಗುಳ್ಳೆ ಉಬ್ಬಿತು. ಒಡೆಯಲಿಲ್ಲ... ಮೆಲ್ಲಗೆ ಒಳಕ್ಕೆ ಇಳಿಯಿತು. ಸ್ವಲ್ಪ ತಡೆದು ಮತ್ತೆ ಉಬ್ಬಿತು. ಮತ್ತೆ ಇಳಿಯಿತು.

ಏರಿ ಮೇಲಿನ ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಅದರ ಸದ್ದು ಅಡಗಿದ ಮೇಲೆ ಚಕ್ರದ ಸದ್ದು ಕೇಳಿಸಿತು. ನಿದ್ದೆಯಲ್ಲಿರುವವರು ಉಸಿರು ಎಳೆದು ಬಿಡುವ ಸದ್ದು. ಎರಡು ವರ್ಷದಿಂದ ನೀರು ಕಾಣದ ಆ ಕೆರೆಯಲ್ಲಿ ಹಸಿ ಪಾಚಿಯ ವಾಸನೆ ಬರುತ್ತಿತ್ತು. ತಲೆ ಎತ್ತಿದೆ. ರೆಕ್ಕೆಯ ತುದಿ ಬೆರಳಿನಷ್ಟು ಕೆಳಗೆ ಹೋಗಿ, ಮೇಲೆ ಬರುತ್ತಿತ್ತು.

"ಇದು ಗಾಳಿ ಬುಡ್ತಿಲ್ಲ ಕಣ್ ಸಾ" ಎಂದರು ಸಿದ್ದೇಗೌಡರು, ದನಿ ತಗ್ಗಿಸಿ. "ಎಳ್ಕತಾ ಅದೆ."

ಬೆಳಿಗ್ಗೆ ಕ್ಯಾಪ್ಟನ್ನಿಗೆ ಕಾರಣ ಹೇಳಬೇಕಿತ್ತು, ಇಲ್ಲದಿದ್ದರೆ ಆ ಹುಡುಗಿ ಹೋದಳು. ದೋಷ ಎಲ್ಲಿದೆ ಎಂದು ತಿಳಿಯದಾಗ ನಾವು ಮಾಡುವುದು ಒಂದೇ. ಒಂದೇ ತರದ ಎರಡು ಭಾಗಗಳನ್ನು ಅದಲು ಬದಲು ಮಾಡುವುದು. ದೋಷ ಭಾಗದ ಜೊತೆಗೇ ಹೋದರೆ ಅದು ಭಾಗದ್ದು, ಇದ್ದಲ್ಲೇ ಉಳಿದರೆ ಜಾಗದ್ದು. ಬಲಗಡೆಯ ಚಕ್ರವನ್ನು ಬಿಚ್ಚಿ ಎಡಕ್ಕೆ ಹಾಕಿದೆ, ಎಡಗಡೆಯದನ್ನು ಬಲಕ್ಕೆ. ಜಾಕಿನ ಮೇಲಿರುವ ತನಕ ಎರಡೂ ಸುಮ್ಮನಿದ್ದವು. ಇಳಿಸಿದೆ.

ಬಲಗಡೆಗೆ ಹೋದ ಚಕ್ರ ಗಟ್ಟಿಯಾಗಿ ನಿಂತಿತು. ಎಡಗಡೆಗೆ ಬಂದ ಚಕ್ರ, ಅಷ್ಟು ಹೊತ್ತು ಏನೂ ಆಗದೆ ಇದ್ದದ್ದು, ಉಸಿರಾಡತೊಡಗಿತು.

ಮೂವರೂ ಸೇರಿ ವಿಮಾನವನ್ನು ಮುಂದಕ್ಕೆ ತಳ್ಳಿದೆವು. ಚಕ್ರ ಆ ಜಾಗ ಬಿಟ್ಟ ಕೂಡಲೇ ಎಲ್ಲ ನಿಂತುಹೋಯಿತು. ಮತ್ತೆ ಗಾಳಿ ತುಂಬಿದೆವು, ಹಾಗೇ ಉಳಿಯಿತು. ನಾನು ಬಂದಿದ್ದ ನಮ್ಮ ಶಾಲೆಯ ವ್ಯಾನು ಏರಿ ಮೇಲಿತ್ತು, ಅದರಿಂದ ಸಲಿಕೆ ತರಲು ಹೊರಟೆ. ಸಿದ್ದೇಗೌಡರು ನನ್ನ ರಟ್ಟೆ ಹಿಡಿದುಕೊಂಡರು.

"ಮನಗಿರೋದ್ನ ಎಬ್ಬುಸ್ಬ್ಯಾಡಿ ಸಾ. ಬುಡಿ."

ಬೆಳಗಾಗುವ ತನಕ ಏರಿ ಮೇಲೆ ವ್ಯಾನಿನಲ್ಲೇ ಕೂತಿದ್ದೆವು.

ಕ್ಯಾಪ್ಟನ್ ಬಂದವರೇ ಎರಡೂ ಟಯರುಗಳನ್ನು ನೋಡಿದರು. ಬ್ರೇಕಿನ ಗುರುತು ಸಿಗಲಿಲ್ಲ. ಹಾಗಾದರೆ ಕಾರಣ ಏನು ಎಂದು ಕೇಳಿದರು. ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಅವರಿಗೆ ಸಿಟ್ಟು ಬಂತು. ಹುಡುಗಿಯನ್ನು ಉಳಿಸಲು ಕತೆ ಕಟ್ಟುತ್ತಿದ್ದೀರಿ ಎಂದು ರೇಗಿ, ಎಡ ಚಕ್ರ ನಿಂತಿದ್ದ ಜಾಗಕ್ಕೇ ಹೋಗಿ ಎರಡೂ ಕಾಲೂರಿ ನಿಂತರು. "ಏನಿದೆ ಇಲ್ಲಿ? ತೋರಿಸಿ."

ನಿಂತವರ ಮುಖ ನಿಧಾನಕ್ಕೆ ಬಿಳಿಚಿಕೊಂಡಿತು. ಒಂದು ಕಾಲು ಎತ್ತಲು ನೋಡಿದರು, ಬರಲಿಲ್ಲ. ಆಮೇಲೆ ಬಗ್ಗಿ, ಅವಸರವಿಲ್ಲದೆ ಬೂಟಿನ ಲಾಡಿ ಬಿಚ್ಚಿ, ಬೂಟುಗಳನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಈಚೆ ಬಂದರು.

"ಶ್ವೇತಾ, ಹತ್ತಮ್ಮ. ನಿನ್ನದೇನೂ ತಪ್ಪಿಲ್ಲ" ಎಂದರು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರಿಗಾಲಲ್ಲೇ ವಿಮಾನ ಹಾರಿಸಿಕೊಂಡು ಹೋದರು. ಕೆಳಗೆ ಏನು ಹಿಡಿದಿತ್ತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಬೂಟುಗಳನ್ನು ತರಲು ನಾವಿಬ್ಬರೂ ಹೋಗಲಿಲ್ಲ.

ಶ್ವೇತಾ ಕಲಿಕೆ ಮುಗಿಸಿ ಈಗ ಕೆಲಸದಲ್ಲಿದ್ದಾಳೆ. ಸಿದ್ದೇಗೌಡರ ಅಂಗಡಿ ಹೊಣಕೆರೆಯಲ್ಲೇ ಇದೆ. ಕ್ಯಾಪ್ಟನ್ ಇನ್ನೂ ನಮ್ಮ ಶಾಲೆಯಲ್ಲೇ ಕಲಿಸುತ್ತಾರೆ. ನಾನಲ್ಲದೆ ನೋಡಿದವರು ಈ ಮೂವರು. ಮೂವರೂ ಬದುಕಿದ್ದಾರೆ, ನಂಬದವರು ಹೋಗಿ ಕೇಳಬಹುದು.