ದಶಕಂಠನನ್ನು ಹೊಲಿಯುವ ಒನ್‌ಚಾನ್ ಅಜ್ಜಿ

ಬೆಳಕು ಹರಿಯುತ್ತಿದೆ. ಭಿಕ್ಷುಗಳ ಸಾಲು ಬೀದಿ ದಾಟಿ ಹೋಗಿ, ಅವರಿಗೆ ಅನ್ನ ನೀಡಿದ ಬುಟ್ಟಿ ಖಾಲಿಯಾಗಿದೆ. ಅದನ್ನು ಮೆಟ್ಟಿಲ ಮೇಲಿಟ್ಟು ಒನ್‌ಚಾನ್ ಅಜ್ಜಿ ಅಕ್ಕಿ ಸಾರಾಯಿಯ ಬಾಟಲಿ ತೆರೆಯುತ್ತಾರೆ. ಒಂದು ಗುಟುಕು ಬಾಯಿಗೆ ತುಂಬಿಕೊಳ್ಳುತ್ತಾರೆ, ಕೆನ್ನೆ ಉಬ್ಬಿಸುತ್ತಾರೆ. ಬಿದಿರ ಗಳುವಿಗೆ ತೂಗುಹಾಕಿದ ಹಸಿರು ಮಖಮಲ್ಲಿನ ಅಂಗಿಯ ಮೇಲೆ ಅದನ್ನು ಭುಸ್ಸೆಂದು ಉಗುಳುತ್ತಾರೆ. ತುಂತುರು ಅಂಗಿಯ ಕಂಕುಳಿಗೆ ಸರಿಯಾಗಿ ಬೀಳುತ್ತದೆ.

"ಬೆಳಿಗ್ಗೇನೇ ಶುರು ಹಚ್ಕೊಂಡ್ಯಾ, ಅಕ್ಕಾ?" ಎದುರು ಮನೆಯ ಸೆಂಗ್‌ಮಣಿ ಕೂಗುತ್ತಾರೆ.

"ನಾನೆಲ್ಲಿ ಕುಡಿದೆ? ಕುಡಿಯೋನು ರಾಕ್ಷಸ. ನಂಗೆ ಬರೀ ವಾಸನೆ."

"ಮತ್ತೆ ಹೋದ ವಾರದ ಬಾಟ್ಲಿ?"

"ಹತ್ತು ತಲೆ ಕಣೇ ಅವನಿಗೆ! ತಲೆಗೊಂದು ಗುಟುಕಾದ್ರೂ ಬೇಡ್ವಾ?"

ಚಿನ್ನದ ಎಳೆಯ ಕಸೂತಿ ಇರುವ ಮಖಮಲ್ಲಿಗೆ ನೀರು ತಾಗಿಸುವಂತಿಲ್ಲ. ಬೆವರಿನ ವಾಸನೆ ಹೋಗಲು ಸಾರಾಯಿ ಮತ್ತು ಎಳೆ ಬಿಸಿಲು ಎರಡೇ ದಾರಿ. ಹೊಸ ವರ್ಷದ ಹಬ್ಬ ಹತ್ತಿರ ಬಂದಿದೆ. ಹಬ್ಬದ ಮೂರನೆಯ ದಿನ ಹೊಳೆದಂಡೆಯ ವಿಹಾರದ ಅಂಗಳದಲ್ಲಿ ಊರಿನ ಮೇಳದವರು ರಾಮಾಯಣ ಕುಣಿಯುತ್ತಾರೆ. ಲಾವೋಸ್ ದೇಶದ ಈ ಲುವಾಂಗ್ ಪ್ರಬಾಂಗ್ ಊರಿನಲ್ಲಿ ರಾಮನಾಗಿ, ಸೀತೆಯಾಗಿ ಕುಣಿದವರ ಹೆಸರು ಮಕ್ಕಳಿಗೂ ಗೊತ್ತು. ಅವರನ್ನು ಅಂಗಿಯೊಳಗೆ ಹೊಲಿದವರ ಹೆಸರು ಮಾತ್ರ ಯಾರೂ ಕೇಳಿಲ್ಲ.

ಹೌದು, ಹೊಲಿಯುವುದೇ. ಈ ವೇಷಗಳಿಗೆ ಗುಂಡಿಯಿಲ್ಲ, ಲಾಡಿಯಿಲ್ಲ. ಕುಣಿಯುವವರನ್ನು ನಿಲ್ಲಿಸಿ, ಬೆನ್ನಿನಿಂದ ಸೊಂಟದವರೆಗೆ, ಮಣಿಕಟ್ಟಿನಿಂದ ಮೊಣಕೈವರೆಗೆ ಮೈಮೇಲೆಯೇ ಹೊಲಿಯಬೇಕು. ಹೊಲಿಸಿಕೊಳ್ಳುವವರು ಹಲ್ಲಿನಲ್ಲಿ ಒಂದೆಳೆ ನೂಲು ಕಚ್ಚಿಕೊಂಡಿರಬೇಕು. ಮಾತಾಡಿದರೆ ಮಾತೂ ಅಂಗಿಯೊಳಗೆ ಸೇರಿಹೋಗುತ್ತದೆ ಎಂಬ ನಂಬಿಕೆ. ನೂಲಿನ ತುದಿಗೆ ಗಂಟು ಹಾಕುವುದಿಲ್ಲ. ಆಟ ಮುಗಿದ ಮೇಲೆ ಹೊಲಿದವರೇ ತುದಿ ಹಿಡಿದು ಎಳೆದರೆ ರಾಕ್ಷಸ ಬಿಚ್ಚಿಕೊಂಡು ಮನುಷ್ಯ ಹೊರಬರುತ್ತಾನೆ.

"ಸಣ್ಣ ಕಪಿಗಳದ್ದೇ ಕಾಟ," ಎನ್ನುತ್ತಾರೆ ಅಜ್ಜಿ. "ಹೊಲಿಯೋಕೆ ಮುಂಚೆ ಎಲ್ರೂ ಒಂದಕ್ಕೆ ಹೋಗ್ಬಿಟ್ಟು ಬನ್ರೋ ಅಂದ್ರೆ, ಬರ್ತಿಲ್ಲ ಅಜ್ಜೀ ಅಂತಾವೆ. ಕೊನೇ ಹೊಲಿಗೆ ಹಾಕಿದ ತಕ್ಷಣ ಬರತ್ತೆ!"

ಅವರು ಹುಟ್ಟಿದ್ದು ಬಾನ್ ಫನೋಮ್‌ನಲ್ಲಿ. ಅರಮನೆಗೆ ಬಟ್ಟೆ ನೇಯ್ದುಕೊಟ್ಟ, ಕುಣಿಯುವ ಹುಡುಗಿಯರನ್ನು ಕಳಿಸಿಕೊಟ್ಟ ಹಳ್ಳಿಯದು. ಆಗಿನ್ನೂ ಅರಸರು ಇದ್ದರು. ಕುಣಿತಕ್ಕೆ ಮಕ್ಕಳನ್ನು ಆರಿಸಲು ಬಂದ ಹಿರಿಯಾಕೆ ಒಬ್ಬೊಬ್ಬರ ಬೆರಳನ್ನೂ ಹಿಂದಕ್ಕೆ ಬಗ್ಗಿಸಿ ನೋಡಿದರಂತೆ. "ನಂದು ಬಗ್ಗಲಿಲ್ಲ. ಇದು ಸೂಜಿ ಹಿಡಿಯೋ ಕೈ ಅಂದ್ಲು. ಅಕ್ಕ ಕುಣಿಯೋಕೆ ಹೋದ್ಲು, ನಾನು ಅವಳ ಬೆನ್ನ ಹಿಂದೆ ಹೋದೆ."

ಅರಮನೆಯ ಮಾತು ಬಂದರೆ ಅಜ್ಜಿಯ ಕೈ ನಿಲ್ಲುತ್ತದೆ, ಬಾಯಿ ಓಡುತ್ತದೆ. ಹಬ್ಬಕ್ಕೆ ಬಣ್ಣ ಬಳಿಸಿಕೊಂಡ ಆನೆಗಳು. ಅಡುಗೆಮನೆಯಿಂದ ಹಬೆಯಾಡುತ್ತ ಬರುತ್ತಿದ್ದ ಅಂಟಕ್ಕಿ ಅನ್ನದ ಬುಟ್ಟಿಗಳು, ಎಮ್ಮೆ ತೊಗಲು ಹಾಕಿ ಅರೆದ ಮೆಣಸಿನ ಚಟ್ನಿ. ಪರದೆಯ ಕೆಳಗಿನ ಸಂದಿನಲ್ಲಿ ಕಾಣುತ್ತಿದ್ದ ಮುಂದಿನ ಸಾಲಿನ ಬಿಳಿ ಕಾಲುಚೀಲ, ಮಿರಿಮಿರಿ ಬಕಲಿನ ಬೂಟು.

"ಅರಸರ ಮುಖ ಎಲ್ರೂ ನೋಟಿನ ಮೇಲೆ ನೋಡಿದ್ರು. ಕಾಲು ನೋಡಿದ್ದು ನಾನೊಬ್ಳೇ," ಎಂದು ಅವರು ಬೀಗುತ್ತಾರೆ.

ಹದಿನಾಲ್ಕರ ವಯಸ್ಸಿನಲ್ಲಿ ಮೊದಲ ಬಾರಿಗೆ ದಶಕಂಠನ ಬೆನ್ನು ಅವರ ಕೈಗೆ ಬಂತು. ಆ ವೇಷ ಪಾನ್ ಮಾವನದು. ಆಳು ಬಾಗಿಲಿನಷ್ಟು ಅಗಲ. ಹುಡುಗಿ ಹೆದರಿ ಹೆದರಿ, ಬೆನ್ನಿಗೆ ಒತ್ತಿಕೊಂಡು ನಿಂತು ಹೊಲಿದಳು. ಮದ್ದಳೆ ಬಡಿಯಿತು, ದಶಕಂಠ ಹೊರಟ, ಹುಡುಗಿಯೂ ಹೊರಟಳು. ತನ್ನ ಹೆಗಲ ವಸ್ತ್ರವನ್ನೂ ಸೇರಿಸಿ ಹೊಲಿದಿದ್ದಳು!

"ನೂಲು ಕಿತ್ರೆ ಅಂಗಿ ಬಿಚ್ಚತ್ತೆ, ವಸ್ತ್ರ ಬಿಟ್ರೆ ನನ್ನ ಮಾನ ಹೋಗತ್ತೆ. ಏನ್ ಮಾಡ್ಲಿ? ಹಿಂದೆ ಹಿಂದೆ ಓಡ್ದೆ. ಅವನು ತಿರುಗಿದ್ರೆ ನಾನೂ ತಿರುಗೋದು. ಮುಖವಾಡದೊಳಗಿಂದ ಪಿಸುಗುಟ್ಟಿದ, 'ಯಾರೇ ಅದು?' 'ನಾನು ಮಾವ, ಒನ್‌ಚಾನ್.' 'ಹಂಗಾದ್ರೆ ಕುಣಿಯೇ ಕತ್ತೆ!' ಕುಣಿದೆ. ರಾವಣನಿಗೆ ಬಾಲ ಬಂದಿದೆ ಅಂತ ಮುಂದಿನ ಸಾಲೆಲ್ಲ ಬಿದ್ದು ಬಿದ್ದು ನಕ್ಕಿತು. ಆ ಬೂಟುಗಳು ನೆಲ ಬಡೀತಿದ್ವು!"

ಆ ಕಾಲ ಅಷ್ಟು ಚೆನ್ನಾಗಿತ್ತೇ ಎಂದು ಸೆಂಗ್‌ಮಣಿ ಕೇಳಿದರೆ ಅಜ್ಜಿ ಕಣ್ಣು ಕಿರಿದು ಮಾಡುತ್ತಾರೆ. "ಎಲ್ಲಿ ಚೆನ್ನಾಗಿತ್ತು? ನಡು ಬಗ್ಗಿಸ್ಕೊಂಡೇ ಓಡಾಡ್ಬೇಕಿತ್ತು. ಬೆಟ್ಟದಾಚೆ ಯುದ್ಧ, ವಿಮಾನದ ಸದ್ದು. ಆದ್ರೆ ನಂಗೆ ಹದಿನಾಲ್ಕು ಕಣೇ. ಹದಿನಾಲ್ಕರಲ್ಲಿ ಯಾವ ಊರು ಚೆನ್ನಾಗಿರಲ್ಲ?"

ಮುಂದೊಂದು ಚಳಿಗಾಲದಲ್ಲಿ ಅರಸೊತ್ತಿಗೆ ಹೋಯಿತು, ಮೇಳ ಚದುರಿತು. ಅಕ್ಕ ಗಡಿ ದಾಟಿದರು. ಒನ್‌ಚಾನ್ ದೋಣಿಯವನೊಬ್ಬನನ್ನು ಮದುವೆಯಾದರು. ಹೊಳೆಯ ಪಾಚಿ ತೊಳೆದು, ಎಳ್ಳು ಉದುರಿಸಿ, ಹಾಳೆಯಾಗಿ ಒಣಗಿಸಿ ಸಂತೆಯಲ್ಲಿ ಮಾರಿ ಮೂರು ಮಕ್ಕಳನ್ನು ಬೆಳೆಸಿದರು. ಎಷ್ಟೋ ವರ್ಷದ ಮೇಲೆ ಕುಣಿತ ಮತ್ತೆ ಶುರುವಾದಾಗ, ಹಳೆಯ ಹೆಜ್ಜೆ ಬಲ್ಲವರು ನಾಲ್ಕಾರು ಜನ ಸಿಕ್ಕರು. ಹೊಲಿಯಬಲ್ಲವರು ಇವರೊಬ್ಬರೇ.

ಈ ವರ್ಷ ಒಂದು ಬದಲಾವಣೆ ಇದೆ. ಮೇಳದ ಯಜಮಾನ ಸೋಮ್‌ಫೊಂಗ್ ರಾಜಧಾನಿಯಿಂದ ಜಿಪ್ ತರಿಸಿದ್ದಾರೆ. ಸರ್ರೆಂದು ಎಳೆದರೆ ವೇಷ ಸಿದ್ಧ. ಅವನ್ನು ಅಂಗಿಗಳಿಗೆ ಕೂರಿಸಿದವರು ಅಜ್ಜಿಯೇ. ತನ್ನ ಕೆಲಸಕ್ಕೆ ತಾನೇ ಕತ್ತರಿ ಹಾಕಿಕೊಂಡಂತಲ್ಲವೇ ಎಂದು ಸೆಂಗ್‌ಮಣಿ ಚುಚ್ಚಿದಾಗಲೂ ಅಜ್ಜಿಯ ಮುಖದಲ್ಲಿ ಖುಷಿಯೇ. ಕಾರಣ ಇದೆ. ಇಷ್ಟು ವರ್ಷದಲ್ಲಿ ಅವರು ಒಮ್ಮೆಯೂ ಆಟವನ್ನು ಮುಂದಿನಿಂದ ನೋಡಿಲ್ಲ. ಆಗ ಮುಂದಿನ ಸಾಲು ಅರಮನೆಯವರದು. ಈಗ ಕುರ್ಚಿ ಯಾರಿಗಾದರೂ ಸಿಗುತ್ತದೆ, ಆದರೆ ಇವರು ಪರದೆ ಬಿಟ್ಟು ಬರುವಂತಿಲ್ಲ. ಜಿಪ್ ಬಂದರೆ ಕೈ ಖಾಲಿ.

"ನಂಗೊಂದು ಕುರ್ಚಿ ಹಿಡಿ, ಸೋಮ್‌ಫೊಂಗ್. ಬೂಟು ಇಲ್ಲ, ಚಪ್ಪಲಿ ಪರವಾಗಿಲ್ಲ ತಾನೆ?" ಎಂದಿದ್ದಾರೆ.

ಹಬ್ಬದ ಮೂರನೆಯ ದಿನ, ಇಳಿಹೊತ್ತು. ಹಬ್ಬದ ನೀರೆರಚಾಟದಲ್ಲಿ ಊರೆಲ್ಲ ತೊಪ್ಪೆಯಾಗಿದೆ. ಅಜ್ಜಿ ಮಾತ್ರ ಒಣ ರೇಷ್ಮೆಯ ಸಿನ್ ಲಂಗ ಉಟ್ಟು, ಮುಡಿಗೆ ಚಂಪಾ ಹೂ ಸಿಕ್ಕಿಸಿ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ರಾಮ ಬರುತ್ತಾನೆ, ಸೀತೆ ಬರುತ್ತಾಳೆ. ಅಜ್ಜಿ ಬಾಯಿ ತೆರೆದು ನೋಡುತ್ತಾರೆ. ಕಪಿಗಳು ಲಾಗ ಹಾಕಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುತ್ತಾರೆ. ದಶಕಂಠ ಬರಬೇಕು. ಮದ್ದಳೆ ಬಡಿಯುತ್ತಲೇ ಇದೆ, ದಶಕಂಠನ ಸುಳಿವಿಲ್ಲ.

ಪರದೆಯ ಸಂದಿನಿಂದ ಸೋಮ್‌ಫೊಂಗ್ ಕೈಬೀಸುತ್ತಾರೆ. ಅಜ್ಜಿ ತಮ್ಮ ಕುರ್ಚಿಯನ್ನೊಮ್ಮೆ ಹಿಂತಿರುಗಿ ನೋಡಿ ಒಳಗೆ ಹೋಗುತ್ತಾರೆ.

ಈಗ ದಶಕಂಠನ ವೇಷ ಟುಕ್‌ಟುಕ್ ಓಡಿಸುವ ಖಾಮ್‌ಸಿಂಗ್‌ನದು. ಜಿಪ್ ನಡುವೆಯೇ ಬಾಯಿ ಬಿಟ್ಟಿದೆ. ಅವನು ಮುಖವಾಡ ಕಂಕುಳಲ್ಲಿ ಇಟ್ಟುಕೊಂಡು ತಪ್ಪು ಮಾಡಿದ ಮಗುವಿನಂತೆ ನಿಂತಿದ್ದಾನೆ.

"ಎಷ್ಟು ಮನೇಲಿ ಉಂಡ್ಯೋ?"

"ಎಲ್ರೂ ಕರೆದ್ರು ಅಜ್ಜಿ. ಹಬ್ಬದ ದಿನ ಬೇಡ ಅನ್ನೋಕಾಗತ್ತಾ?"

"ತಪ್ಪು ನಂದೇ ಬಿಡು. ಹಬ್ಬಕ್ಕೆ ಮುಂಚಿನ ಹೊಟ್ಟೆಗೆ ಅಳತೆ ತಗೊಂಡೆ. ಲಾವೋದವರ ಹೊಟ್ಟೇನ ಹಬ್ಬ ಮುಗಿಯೋ ಮೊದಲು ಅಳೀತಾರಾ ಯಾರಾದ್ರೂ? ಕಚ್ಚು ನೂಲು. ಉಸಿರು ಬಿಡು. ಪೂರ್ತಿ ಬಿಡೋ, ಎಮ್ಮೆ!"

ಯಜಮಾನರೇ ದೀಪ ಹಿಡಿಯುತ್ತಾರೆ. ಅಜ್ಜಿ ಜಿಪ್ಪನ್ನು ಕಿತ್ತೆಸೆದು, ಬೆರಳ ತುದಿಯಲ್ಲಿ ತಡವಿ ತಡವಿ ಮಖಮಲ್ಲನ್ನು ಸೇರಿಸುತ್ತ ಹೋಗುತ್ತಾರೆ. ಬೆನ್ನು ಮುಚ್ಚುತ್ತದೆ. ಮದ್ದಳೆಯವರ ಕೈ ಸೋಲುವ ಮೊದಲೇ ದಶಕಂಠ ಅಂಗಳಕ್ಕೆ ನುಗ್ಗುತ್ತಾನೆ. ಜನ ಹೋ ಎನ್ನುತ್ತಾರೆ.

"ಕಪಿಗಳಿಗೆ ಜಿಪ್ ಇರ್ಲಿ, ದೊಡ್ಡವರಿಗೆ ಸೂಜೀನೇ," ಎಂದು ಸೋಮ್‌ಫೊಂಗ್ ಒಪ್ಪಿಕೊಳ್ಳುತ್ತಾರೆ. "ನೀವು ಹೋಗಿ ಕೂತ್ಕೊಳ್ಳಿ. ಕುರ್ಚಿ ಖಾಲಿ ಇದೆ."

ಅಜ್ಜಿ ಹೋಗುವುದಿಲ್ಲ. ಮೊಣಕಾಲು ಮಡಚಿ ಪರದೆಯ ಬದಿಯಲ್ಲಿ ಕೂರುತ್ತಾರೆ. ಸೀತೆ ಮುಖ ತಿರುಗಿಸುತ್ತಾಳೆ. ದಶಕಂಠನ ಅಗಲ ಬೆನ್ನು ಒಂದು ಗಳಿಗೆ ಅಲುಗದೆ ನಿಲ್ಲುತ್ತದೆ, ಮೆಲ್ಲಗೆ ಕುಸಿಯುತ್ತದೆ. ಅಜ್ಜಿ ತಲೆದೂಗುತ್ತಾರೆ.

ಮುಂದಿನಿಂದ ಆಟ ಹೇಗಿತ್ತು ಎಂಬ ಸೋಮ್‌ಫೊಂಗ್‌ರ ಪ್ರಶ್ನೆಗೆ ಕಣ್ಣು ಕದಲಿಸದೆ ಉತ್ತರ ಕೊಡುತ್ತಾರೆ.

"ಚೆನ್ನಾಗಿತ್ತು, ಬಣ್ಣ ಬಣ್ಣವಾಗಿತ್ತು. ಆದ್ರೆ ಮುಖವಾಡಕ್ಕೆ ನಗೂನೂ ಇಲ್ಲ, ಅಳೂನೂ ಇಲ್ಲ. ಸೀತೆ ತನಗೆ ಸಿಗಲ್ಲ ಅಂತ ಅವನಿಗೆ ಗೊತ್ತಾಗಿದ್ದು ಕಾಣೋದು ಬೆನ್ನಲ್ಲಿ. ಅದನ್ನ ಅರಸರೂ ನೋಡಿಲ್ಲ."