ಪೋಲೆಂಡಿನ ಗುಡ್ ಮಾರ್ನಿಂಗ್

‘ಹೇಗಿದ್ದೀರಿ?’ ಎಂದು ಯಾರನ್ನಾದರೂ ಕೇಳುವುದನ್ನು ನಾನು ಬಿಟ್ಟು ಒಂದೂವರೆ ವರ್ಷವಾಯಿತು. ಇದರಿಂದ ಮೆಲ್ಬರ್ನಿನ ಕನ್ನಡಿಗರಲ್ಲಿ ನನಗೆ ಜಂಬದವನು ಎಂಬ ಹೆಸರು ಬಂದಿದೆ. ಫೋನ್ ಎತ್ತಿದರೆ ನೇರವಾಗಿ ವಿಷಯಕ್ಕೆ ಬರುತ್ತೇನಂತೆ, ಯಾರ ಮನೆಗೆ ಹೋದರೂ ಬಾಗಿಲಲ್ಲೇ ಹವಾಮಾನದ ಮಾತು ತೆಗೆಯುತ್ತೇನಂತೆ. ಹೆಂಡತಿ ಶಾರದೆ ನನ್ನ ಪಾಲಿನ ಕುಶಲಪ್ರಶ್ನೆಗಳನ್ನೂ ತಾನೇ ಕೇಳಿ ಹೇಗೋ ಸಂಭಾಳಿಸುತ್ತಾಳೆ. ಕಾರಣ ಅವಳಿಗೆ ಗೊತ್ತು. ನಿಮಗೂ ಹೇಳಿಬಿಡುತ್ತೇನೆ. ಆದರೆ ಅದಕ್ಕೆ ಪೋಲೆಂಡಿನಿಂದ ಶುರುಮಾಡಬೇಕು.

ಎಂಬತ್ತರ ದಶಕದ ಮೊದಲರ್ಧದಲ್ಲಿ ಲೋಹಶಾಸ್ತ್ರ ಓದಲು ನಾನು ಮೈಸೂರಿನಿಂದ ಕ್ರಾಕೋವಿಗೆ ಹೋದೆ. ಜೊತೆಯವರೆಲ್ಲ ಇಂಗ್ಲೆಂಡು, ಜರ್ಮನಿ ಅಂತ ಹೋದರು. ‘ನಮ್ಮ ಹುಡುಗನೂ ಫಾರಿನ್ನಿಗೇ ಹೊರಟಿದ್ದ, ನಿದ್ದೆಗಣ್ಣಲ್ಲಿ ಒಂದು ಸ್ಟೇಷನ್ ಮೊದಲೇ ಇಳಿದುಬಿಟ್ಟ’ ಎಂದು ನಮ್ಮ ಚಿಕ್ಕಪ್ಪ ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದರು. ನಾನು ಇಳಿದ ಸ್ಟೇಷನ್ನಿನಲ್ಲಿ ಅಂಗಡಿಗಳ ಕಪಾಟಿನ ತುಂಬ ವಿನೆಗರ್ ಬಾಟಲಿಗಳಿದ್ದವು, ಬೇರೇನೂ ಇರಲಿಲ್ಲ. ಮಾಂಸಕ್ಕೆ, ಸಕ್ಕರೆಗೆ ಕೂಪನ್ನು. ಸಸ್ಯಾಹಾರಿಯಾದ ನಾನು ನನ್ನ ಮಾಂಸದ ಕೂಪನ್ನನ್ನು ಕೊಟ್ಟು ಸಕ್ಕರೆಯದನ್ನು ಪಡೆಯುತ್ತಿದ್ದರಿಂದ ಹಾಸ್ಟೆಲಿನಲ್ಲಿ ನನ್ನಷ್ಟು ಬೇಕಾದ ಮನುಷ್ಯ ಇನ್ನೊಬ್ಬನಿರಲಿಲ್ಲ. ರಸ್ತೆಯಲ್ಲಿ ಕ್ಯೂ ಕಂಡರೆ ಮೊದಲು ನಿಲ್ಲಬೇಕು, ಆಮೇಲೆ ಏನು ಕೊಡುತ್ತಾರೆಂದು ಕೇಳಬೇಕು. ಶೂ ಬಂದಿದ್ದರೆ ಅಳತೆ ನೋಡದೆ ಕೊಳ್ಳಬೇಕು. ಆ ಅಳತೆಯ ಕಾಲು ಊರಿನಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ಎಂಬತ್ತೆಂಟರಲ್ಲಿ ಸಿಡ್ನಿಗೆ ಬಂದಾಗ ಈ ವಿದ್ಯೆಯೆಲ್ಲ ದಂಡವಾಯಿತು. ಮೊದಲ ವಾರ ಸೂಪರ್‌ಮಾರ್ಕೆಟ್ಟಿನಲ್ಲಿ ಹಾಲಿನ ಮುಂದೆ ನಿಂತವನು ನಿಂತೇ ಇದ್ದೆ. ಕೆನೆಯಿದ್ದದ್ದು, ಅರ್ಧ ಕೆನೆಯದ್ದು, ಕೆನೆಯೇ ಇಲ್ಲದ್ದು, ಸೋಯಾದ್ದು. ಕ್ರಾಕೋವಿನಲ್ಲಿ ಹಾಲು ಇದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆ. ಇಲ್ಲಿ ನೀನೆಂಥ ಮನುಷ್ಯ ಎಂದೇ ಹಾಲು ಕೇಳುತ್ತಿತ್ತು. ಒಂದು ಶನಿವಾರ ಬ್ಲ್ಯಾಕ್‌ಟೌನಿನ ಶಾಲೆಯೊಂದರ ಮುಂದೆ ಉದ್ದನೆಯ ಕ್ಯೂ ಕಂಡು ಅಭ್ಯಾಸಬಲದಿಂದ ನಿಂತುಬಿಟ್ಟೆ. ಮುಕ್ಕಾಲು ಗಂಟೆ ಸರಿದು ಮೇಜಿನ ಬಳಿ ಬಂದಾಗ ಆಕೆ ಹೆಸರು ಕೇಳಿದಳು. ‘ಇಲ್ಲಿ ಏನು ಕೊಡ್ತೀರಿ?’ ಎಂದೆ. ‘ನಾವು ಕೊಡೋದಲ್ಲ ಡಾರ್ಲಿಂಗ್, ನೀನು ಕೊಡಬೇಕು, ವೋಟು’ ಎಂದಳು. ಖಾಯಂ ವಾಸದ ಪಿಆರ್ ಸಿಕ್ಕಿದ್ದರೂ ಸಿಟಿಜನ್ ಆಗಿರಲಿಲ್ಲವಾದ್ದರಿಂದ ಬರಿಗೈಲಿ ವಾಪಸು ಬಂದೆ. ಈ ಕತೆಯನ್ನು ಕನ್ನಡ ಸಂಘದ ಗಣೇಶನ ಹಬ್ಬದಲ್ಲಿ ಹೇಳಿದ ಮೇಲೆ ನಾನು ಸಿಡ್ನಿ ಕನ್ನಡಿಗರ ಪಾಲಿಗೆ ಪೋಲೆಂಡ್ ಪಂಡಿತನಾದೆ. ‘ಅಲ್ಲಿ ಹೇಗೆ, ಇಲ್ಲಿ ಹೇಗೆ, ಸ್ವಲ್ಪ ಹೇಳಿ ಸಾರ್’ ಎಂದು ಯಾರಾದರೂ ಕೇಳಿದರೆ ಸಾಕು, ತಟ್ಟೆಯಲ್ಲಿ ಬಿಸಿಬೇಳೆಬಾತ್ ಆರುವವರೆಗೆ ಹೇಳುತ್ತಿದ್ದೆ.

ನನಗೆ ಬಹಳ ಇಷ್ಟವಾದ ಹೋಲಿಕೆಯೆಂದರೆ ಕ್ಷೇಮಸಮಾಚಾರದ್ದು. ನಮ್ಮ ಕಾಗದಗಳನ್ನು ನೆನಪಿಸಿಕೊಳ್ಳಿ. ‘ಇತ್ತ ನಾವೆಲ್ಲರೂ ಕ್ಷೇಮ’ ಎಂದು ಶುರು. ಮೂರನೆಯ ಸಾಲಿನಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿರುತ್ತಾರೆ. ‘ಕುಶಲ’ ಎಂದರೆ ಕೈ ಕುಯ್ದುಕೊಳ್ಳದೆ ದರ್ಭೆ ಕೊಯ್ಯಬಲ್ಲವನು ಎಂದು ನಮ್ಮ ಸಂಸ್ಕೃತ ಮೇಷ್ಟ್ರು ಹೇಳುತ್ತಿದ್ದರು. ಅಂದರೆ ಕುಶಲವಾಗಿರುವುದು ಒಂದು ಜಾಣತನ. ಆಸ್ಟ್ರೇಲಿಯದವರು ಇದರಲ್ಲಿ ನಮಗಿಂತ ಜಾಣರು. ‘ಹೌ ಆರ್ ಯೂ ಗೋಯಿಂಗ್?’ ಎನ್ನುತ್ತಾರೆ, ಉತ್ತರ ಬರುವುದರೊಳಗೆ ದಾಟಿ ಹೋಗಿರುತ್ತಾರೆ. ಕಾಲು ಕತ್ತರಿಸಿದ್ದರೂ ‘ನಾಟ್ ಬ್ಯಾಡ್’ ಅನ್ನಬೇಕು. ಪೋಲೆಂಡಿನವರು ಮಾತ್ರ ಇದಕ್ಕೆ ತಿರುಗುಮುರುಗು. ‘ಏನು ಸಮಾಚಾರ?’ ಎಂದರೆ ‘ಸ್ತಾರಾ ಬ್ಯೆದಾ’ ಎನ್ನುತ್ತಾರೆ. ಅದೇ ಹಳೇ ಪಾಡು, ಎಂದು. ಮದುವೆ ನಿಶ್ಚಯವಾಗಿದ್ದರೂ, ಕೆಲಸದಲ್ಲಿ ಪ್ರಮೋಷನ್ ಆಗಿದ್ದರೂ ಹಳೇ ಪಾಡೇ. ಚೆನ್ನಾಗಿದ್ದೇನೆ ಎಂದವನನ್ನು ಅಲ್ಲಿ ಜನ ಅನುಮಾನದಿಂದ ನೋಡುತ್ತಿದ್ದರು. ಅಷ್ಟು ಚೆನ್ನಾಗಿರಬೇಕಾದರೆ ಇವನು ಪೊಲೀಸರ ಕಡೆಯವನೇ ಇರಬೇಕು.

ರಿಸೆಷನ್ನಿನಲ್ಲಿ ಸಿಡ್ನಿಯ ಕೆಲಸ ಹೋಗಿ, ಮೆಲ್ಬರ್ನಿನ ಉತ್ತರದ ಸಬರ್ಬೊಂದರಲ್ಲಿ ಎರಕದ ಕಾರ್ಖಾನೆಯ ಲ್ಯಾಬ್ ಸೇರಿದಾಗ ಅಲ್ಲಿ ಹಾಲೀನಾ ಇದ್ದಳು. ಐವತ್ತೆಂಟು ವರ್ಷ, ಗಿಡ್ಡ, ಕೂದಲಿಗೆ ಸದಾ ಸ್ಕಾರ್ಫು. ಕಬ್ಬಿಣದ ತುಂಡುಗಳನ್ನು ಕನ್ನಡಿಯಾಗುವ ಹಾಗೆ ಉಜ್ಜಿ ನನ್ನ ಮೈಕ್ರೋಸ್ಕೋಪಿನ ಕೆಳಗಿಡುವುದು ಅವಳ ಕೆಲಸ. ಕ್ರಾಕೋವಿನ ಪಕ್ಕದ ಊರಿನವಳೇ. ನನ್ನ ಪೋಲಿಷ್ ಕೇಳಿದ ಮೊದಲ ದಿನ ಹಿಡಿದಿದ್ದ ತುಂಡನ್ನು ಕೈಬಿಟ್ಟಳು. ‘ನೀನು ಮಾತಾಡಿದರೆ ನಮ್ಮೂರ ಪಾದ್ರಿಗೆ ನೆಗಡಿಯಾದ ಹಾಗಿರುತ್ತೆ’ ಎಂದು ನಕ್ಕಳು.

ಆಗಷ್ಟೇ ಬಂದಿದ್ದ ನಮ್ಮ ಮ್ಯಾನೇಜರ್ ಕೆವಿನ್ ಒಳ್ಳೆಯ ಹುಡುಗ. ಪ್ರತಿ ಬೆಳಿಗ್ಗೆ ಎಲ್ಲರನ್ನೂ ಮಾತಾಡಿಸುವನು. ‘ಹೌ ಆರ್ ಯೂ, ಹಾಲೀನಾ?’ ಎಂದರೆ ಅವಳು ಹಳೇ ಪಾಡನ್ನು ತನಗೆ ತಿಳಿದ ಇಂಗ್ಲಿಷಿಗೆ ಇಳಿಸಿ ‘ಬ್ಯಾಡ್’ ಎನ್ನುವಳು. ಒಂದು ವಾರ ಕೇಳಿ ಕೆವಿನ್ ಹೆದರಿ ನನ್ನ ಬಳಿ ಬಂದ. ‘ಮೇಟ್, ಮನೇಲೇನಾದರೂ ತೊಂದರೆಯಾ? ಕೌನ್ಸೆಲರ್ ಹತ್ತಿರ ಕಳಿಸಲಾ?’ ನಾನು ಅವನನ್ನು ಕೂರಿಸಿಕೊಂಡು ವಿನೆಗರಿನಿಂದ ಆರಂಭಿಸಿ ಇಡೀ ಪುರಾಣ ಹೇಳಿದೆ. ‘ಅದು ಅವರ ಗುಡ್ ಮಾರ್ನಿಂಗ್ ಕಣಯ್ಯಾ. ಬ್ಯಾಡ್ ಅಂದರೆ ಚೆನ್ನಾಗಿದಾಳೆ ಅಂತ.’ ಅವನಿಗೆ ಅದು ಎಷ್ಟು ಹಿಡಿಸಿತೆಂದರೆ ಲ್ಯಾಬಿಗೆಲ್ಲ ಹಂಚಿದ. ಅಲ್ಲಿಂದ ಮುಂದೆ ಅವಳು ‘ಬ್ಯಾಡ್’ ಎಂದರೆ ಎಲ್ಲರೂ ಒಟ್ಟಾಗಿ ‘ಗುಡ್!’ ಎಂದು ಕೂಗುವರು. ಅವಳೂ ನಗುವಳು. ಆ ವರ್ಷ ಅವಳು ನಗುವುದಕ್ಕೆ ಕಾರಣವೂ ಇತ್ತು. ಪೋಲೆಂಡಿನಲ್ಲಿ ಸರ್ಕಾರ ಬದಲಾಗಿತ್ತು, ಇಪ್ಪತ್ತು ವರ್ಷಗಳಿಂದ ಕಾಣದ ತಂಗಿಯನ್ನು ನೋಡಲು ಟಿಕೆಟ್ ಬುಕ್ ಮಾಡಿದ್ದಳು. ಇನ್ನು ಏಳು ವಾರ ಬಾಕಿ.

ಅದೊಂದು ಮಂಗಳವಾರ, ಬೆಳಗಿನ ಟೀ ಹೊತ್ತು. ಹಾಲೀನಾ ಉಜ್ಜುವ ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಸ್ಕಾರ್ಫು ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು. ಅವಳ ತಲೆಗೂದಲನ್ನು ನಾನು ನೋಡಿದ್ದು ಅವತ್ತೇ ಮೊದಲು. ಕೆವಿನ್ ಎಂದಿನಂತೆ ಕೇಳಿದ. ‘ವೆರಿ ಬ್ಯಾಡ್’ ಎಂದಳು. ಎಂದಿಗಿಂತ ಒಂದು ಪದ ಹೆಚ್ಚು. ಯಾರೋ ‘ವೆರಿ ಗುಡ್!’ ಎಂದರು. ಕೆವಿನ್ ಮಾತ್ರ ನಗಲಿಲ್ಲ. ಅವಳ ಎಡಗೈ ದವಡೆಯನ್ನು ಹಿಡಿದಿತ್ತು.

‘ಮೇಟ್, ಇವಳ ಮುಖ ಸರಿ ಕಾಣ್ತಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡ್ತೀನಿ’ ಎಂದು ರಿಸೀವರ್ ಎತ್ತಿದ.

ನಾನು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. ‘ಇಡಯ್ಯಾ ಫೋನು. ಪ್ರಯಾಣ ಹತ್ತಿರ ಬಂತಲ್ಲ, ಸಂತೋಷ ಜಾಸ್ತಿಯಾಗಿದೆ. ಅದಕ್ಕೇ ಇವತ್ತು ವೆರಿ ಬ್ಯಾಡು. ಪೋಲೆಂಡಿನಲ್ಲಿ ನಾಲ್ಕು ವರ್ಷ ಇದ್ದವನು ನಾನು.’

ಎಲ್ಲರೂ ನಕ್ಕರು. ಕೆವಿನ್ ರಿಸೀವರ್ ಇಟ್ಟ. ಅದು ಕೂತ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಟ್ರಾಮಿನಲ್ಲಿ, ತರಕಾರಿ ಹೆಚ್ಚುವಾಗ, ಮಗಳ ಹೋಮ್‌ವರ್ಕ್ ನೋಡುವಾಗ ಕೇಳುತ್ತದೆ. ಪ್ರತಿ ಸಲವೂ ನಾನು ಬೇರೆ ಮಾತು ಹೇಳಲು ಬಾಯಿ ತೆರೆಯುತ್ತೇನೆ, ಪ್ರತಿ ಸಲವೂ ಅದೇ ಮಾತು ಬರುತ್ತದೆ. ಹನ್ನೆರಡು ನಿಮಿಷ ಟೀ ಕುಡಿದೆವು. ನಾನು ಕ್ಯೂಗಳ ಬಗ್ಗೆ ಏನೋ ಹೇಳುತ್ತಿದ್ದೆ. ಸ್ಟೂಲು ಉರುಳಿತು. ಕೆವಿನ್ ಒಂದೇ ನೆಗೆತಕ್ಕೆ ಅವಳ ಪಕ್ಕ ಮಂಡಿಯೂರಿ, ಎದೆಯ ಮೇಲೆ ಎರಡು ಕೈಯಿಟ್ಟು ಎಣಿಸುತ್ತ ಒತ್ತತೊಡಗಿದ. ‘ಫೋನ್! ಯಾರಾದರೂ ಫೋನ್ ಮಾಡ್ರೋ!’ ಬೇರೆ ಯಾರೋ ಮಾಡಿದರು. ಎಂ.ಟೆಕ್., ಪಿಎಚ್‌.ಡಿ. ಆದ ನಾನು ಟೀ ಚೆಲ್ಲದ ಹಾಗೆ ಕಪ್ಪನ್ನು ಹಿಡಿದುಕೊಂಡು ನಿಂತಿದ್ದೆ.

ಹಾಲೀನಾ ಉಳಿದಳು. ಆದರೆ ಹೃದಯದ ಒಂದು ಭಾಗ ಸತ್ತುಹೋಗಿದೆ, ಇನ್ನು ದೂರದ ವಿಮಾನಪ್ರಯಾಣ ಬೇಡ ಎಂದರು ಡಾಕ್ಟರು. ಆ ಹನ್ನೆರಡು ನಿಮಿಷ ಸಿಕ್ಕಿದ್ದರೆ ಅವಳು ತಂಗಿಯ ಮುಖ ನೋಡುತ್ತಿದ್ದಳೇ ಎಂದು ಕೇಳಿದೆ. ‘ಹೇಳೋಕಾಗಲ್ಲ’ ಎಂದು ಅವರು ಕಾಗದ ತಿರುವಿದರು. ಇಂಥ ಉತ್ತರದಲ್ಲಿ ನಿಲ್ಲಲೂ ಜಾಗವಿಲ್ಲ, ಓಡಿಹೋಗಲೂ ದಾರಿಯಿಲ್ಲ.

ಅದಾದ ಮೇಲೆ ಎರಡು ವಾರ ಆಸ್ಪತ್ರೆಯ ಕಾರ್‌ಪಾರ್ಕಿನವರೆಗೆ ಹೋಗಿ ವಾಪಸು ಬಂದೆ. ಮೂರನೆಯ ವಾರ ಶಾರದೆ ಜೊತೆಗೆ ಬಂದು ವಾರ್ಡಿನ ಬಾಗಿಲವರೆಗೂ ಬಿಟ್ಟುಹೋದಳು. ಹಾಲೀನಾ ದಿಂಬಿಗೊರಗಿ ಕೂತಿದ್ದಳು, ಅರ್ಧಕ್ಕೆ ಇಳಿದಿದ್ದಳು. ಹೇಗಿದ್ದೀ ಎಂದು ಕೇಳಲು ನಾಲಿಗೆ ಏಳಲಿಲ್ಲ. ನೇರವಾಗಿ ಪೋಲಿಷಿನಲ್ಲಿ ಹೇಳಿಬಿಟ್ಟೆ: ‘ಅವತ್ತು ಕೆವಿನ್ ಫೋನ್ ಎತ್ತಿದ್ದ. ಇಡು ಅಂದವನು ನಾನು.’

‘ಗೊತ್ತು’ ಎಂದಳು. ‘ಕಿವಿ ಕೇಳಿಸ್ತಾ ಇತ್ತಲ್ಲ.’

‘ಮತ್ತೆ ನೀನಾದರೂ ಕೂಗಬಾರದಿತ್ತಾ? ನಿನ್ನ ಭಾಷೆ ನನಗೆ ಬರುತ್ತಿತ್ತು, ಪೋಲಿಷಿನಲ್ಲೇ ಹೇಳಬಹುದಿತ್ತು!’

ಅವಳು ಹೊದಿಕೆಯ ಅಂಚನ್ನು ಸರಿಮಾಡಿದಳು. ಆಮೇಲೆ ನನ್ನನ್ನೇ ಸಮಾಧಾನ ಮಾಡುವವಳ ಹಾಗೆ ಹೇಳಿದಳು:

‘ಕೂಗಬೇಕು ಅಂತಲೇ ಇದ್ದೆ. ಆದರೆ ನೀನು ಅಷ್ಟು ಚೆನ್ನಾಗಿ ವಿವರಿಸಿದೆ ನೋಡು, ಓದಿದವನು ಬೇರೆ. ಹಾಗಾದರೆ ನನಗೇನೂ ಆಗಿಲ್ಲ ಅಂತ ನಾನೂ ಸುಮ್ಮನೆ ಕೂತೆ.’